ಮುಟ್ಟಿಸಿದ ಬೆಲೆ: ಬಂದರಿನಲ್ಲಿ ಹಡಗಿನ ಬಸ್ಸೋ, ಬಾಡಿಗೆ ಕಾರೋ?



ಹೋದ ತಿಂಗಳು ಜತ್ತದಿಂದ ನನ್ನ ಅಕ್ಕನ ಮಗ ಫೋನು ಮಾಡಿದ್ದ. ಬರುವ ಮೇ ಸೂಟಿಯಲ್ಲಿ ಮನೆಮಂದಿಯೆಲ್ಲ ಸೇರಿ ಯುರೋಪಿನ ಭೂಮಧ್ಯ ಸಮುದ್ರದಲ್ಲಿ ಹಡಗಿನ ಪ್ರವಾಸಕ್ಕೆ ಹೊರಟಿದ್ದಾರೆ. ಅವನು, ಅವನ ಹೆಂಡತಿ, ಇಬ್ಬರು ಮಕ್ಕಳು, ನನ್ನ ಅಕ್ಕ ಮತ್ತು ಭಾವನವರು, ಒಟ್ಟು ಆರು ಜನ. ಸ್ಪೇನಿನ ಬಾರ್ಸಿಲೋನಾದಲ್ಲಿ ಹಡಗು ಹತ್ತುವುದು. ದಾರಿಯಲ್ಲಿ ಇಟಲಿಯ ಲಿವೋರ್ನೋ, ಚಿವಿಟವೆಕ್ಕಿಯಾ, ನೇಪಲ್ಸ್, ಆಮೇಲೆ ಮಾಲ್ಟಾ ದ್ವೀಪದ ವ್ಯಾಲೆಟ್ಟಾ. ಟಿಕೀಟು ಆಗಿದೆ. ಈಗ ಹಡಗಿನ ಕಂಪನಿಯವರು ಒಂದೊಂದು ಬಂದರಿಗೂ ತಮ್ಮ ಬಸ್ಸಿನ ಪ್ರವಾಸದ ಪಟ್ಟಿ ಕಳಿಸಿದ್ದಾರೆ. ತಲೆಗಿಷ್ಟು ಯುರೋ ಎಂದು ಬೆಲೆ ಹಚ್ಚಿದ್ದಾರೆ.

"ಮಾಮಾ, ಆರು ತಲಿಗೆ ಲೆಕ್ಕಾ ಹಾಕಿದ್ರ ಎದಿ ಒಡೀತೈತ್ರಿ. ಅದರ ಅರ್ಧಾ ರೊಕ್ಕದಾಗ ಒಂದು ದೊಡ್ಡ ಗಾಡಿ ಬಾಡಿಗಿ ಸಿಗ್ತೈತಿ. ನಾ ಹೆಂಗೂ ಡ್ರೈವಿಂಗ್ ಮಾಡ್ತೀನಿ. ಯಾಕ ಅವರಿಗೆ ಸುಮ್ನ ಕೊಡೂದು?" ಎಂದು ಕೇಳಿದ.

ವ್ಯಾಪಾರಿಯ ಮಗ ಕೇಳಬೇಕಾದ ಪ್ರಶ್ನೆಯೇ ಇದು. ಇದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೆ. ಉತ್ತರವನ್ನು ತಪ್ಪಾಗಿ ಬರೆದುಕೊಂಡಿದ್ದೆ. ಆ ಕಥೆಯನ್ನು ಅವನಿಗೆ ಹೇಳಿದೆ. ಈ ಸಲದ ಅಂಕಣದಲ್ಲಿ ನಿಮಗೂ ಹೇಳುತ್ತೇನೆ.

ಲಿವೋರ್ನೋದ ಆ ದಿನ

2023ರ ಅಕ್ಟೋಬರ್ ತಿಂಗಳು. ನಾನು, ನನ್ನ ಹೆಂಡತಿ, ಮಗ, ಸೊಸೆ, ಮತ್ತು ಎಪ್ಪತ್ತನಾಲ್ಕು ವಯಸ್ಸಿನ ನಮ್ಮ ಅವ್ವ. ಹಡಗು ಮುಂಜಾನೆ ಏಳಕ್ಕೆ ಲಿವೋರ್ನೋ ಬಂದರಿಗೆ ಬಂತು. ಸಂಜೆ ಏಳಕ್ಕೆ ಹೊರಡುವುದು. ಎಲ್ಲರೂ ಆರೂವರೆಯ ಒಳಗೆ ಹಡಗು ಹತ್ತಿರಬೇಕು. ಲಿವೋರ್ನೋದಿಂದ ಫ್ಲಾರೆನ್ಸ್ ನಗರ ಸುಮಾರು 90 ಕಿಲೋಮೀಟರು. ಸೊಲ್ಲಾಪುರದಿಂದ ಪಂಢರಪುರಕ್ಕೆ ಹೋಗಿ ಬಂದಂತೆ ಎಂದುಕೊಂಡೆವು. ಹಡಗಿನ ಬಸ್ಸು ಬೇಡವೆಂದು ಮೊದಲೇ ಒಂದು ಕಾರು ಗೊತ್ತು ಮಾಡಿದ್ದೆವು. ಇನ್ನೂರು ಯುರೋ ಉಳಿಯಿತೆಂದು ನಾನು ಮನಸ್ಸಿನಲ್ಲೇ ಜಮಾ ಬರೆದುಕೊಂಡಿದ್ದೆ.

ಮೊದಲ ಪೆಟ್ಟು ಬಂದರಿನಲ್ಲೇ ಬಿತ್ತು. ಅದು ಸರಕು ಸಾಗಿಸುವ ಬಂದರು. ಒಳಗೆ ನಡೆದು ಹೋಗಲು ಬಿಡುವುದಿಲ್ಲ. ಊರೊಳಗೆ ಬಿಡುವ ಬಸ್ಸಿಗೆ ಸಾಲು ನಿಲ್ಲಬೇಕು. ಕಾರಿನ ಕಚೇರಿ ಊರೊಳಗೆ. ಅಲ್ಲಿ ನಮ್ಮ ಮುಂದೆ ನಮ್ಮ ಹಡಗಿನವರೇ ನಾಲ್ಕು ಕುಟುಂಬ. ಕಾಗದ, ಸಹಿ, ಕಾರ್ಡು, ಠೇವಣಿ ಎಲ್ಲ ಮುಗಿದು ಕೀಲಿ ಕೈಗೆ ಬಂದಾಗ ಒಂಬತ್ತೂವರೆ. ದಿನದ ಎರಡೂವರೆ ತಾಸು ಅಲ್ಲಿಗೇ ಕರಗಿತ್ತು.

ಮಗನಿಗೆ ಗಾಡಿಯ ಅಭ್ಯಾಸ ಚೆನ್ನಾಗಿದೆ. ಆದರೆ ಅಲ್ಲಿ ರಸ್ತೆಯ ಬಲಕ್ಕೆ ನಡೆಸಬೇಕು, ಸ್ಟಿಯರಿಂಗ್ ಎಡಕ್ಕೆ. ಪಾಪ, ಅವನು ದಿನವಿಡೀ ನೋಡಿದ್ದು ರಸ್ತೆಯನ್ನೇ. ಫ್ಲಾರೆನ್ಸಿಗೆ ಹೋದ ಮೇಲೆ ವಾಹನ ನಿಲ್ಲಿಸುವ ಜಾಗ ಹುಡುಕುತ್ತ, ಮೊಬೈಲಿನ ನಕ್ಷೆ ತೋರಿಸಿದಂತೆ ಒಂದು ಇಕ್ಕಟ್ಟಾದ ಓಣಿಗೆ ಹೊಕ್ಕು, ಇನ್ನೊಂದು ಓಣಿಯಿಂದ ಹೊರಗೆ ಬಂದೆವು. ಯಾರೂ ತಡೆಯಲಿಲ್ಲ, ಯಾರೂ ಸೀಟಿ ಊದಲಿಲ್ಲ. ಏನೂ ಆಗಲಿಲ್ಲ ಎಂದುಕೊಂಡೆವು.

1436ರಲ್ಲಿ ಪೂರ್ಣಗೊಂಡ ಬ್ರುನೆಲೆಸ್ಕಿಯ ಆ ದೊಡ್ಡ ಗುಮ್ಮಟವನ್ನು ಹೊರಗಿನಿಂದ ನೋಡಿದೆವು. ಆರ್ನೋ ನದಿಯ ಮೇಲಿನ ಹಳೆಯ ಸೇತುವೆಯಲ್ಲಿ ಬಂಗಾರದ ಅಂಗಡಿಗಳ ಸಾಲನ್ನು ನೋಡಿ ನಮ್ಮ ಸರಾಫ ಕಟ್ಟೆ ನೆನಪಾಯಿತು. ಮೂರೂವರೆಗೆ ಹೊರಟೆವು. ಫ್ಲಾರೆನ್ಸ್, ಪೀಸಾ, ಲಿವೋರ್ನೋಗಳನ್ನು ಜೋಡಿಸುವ ರಸ್ತೆಗೆ ಸುಂಕವಿಲ್ಲ, ಆದರೆ ದುರಸ್ತಿ ಕೆಲಸಕ್ಕೆ ಬಿಡುವೂ ಇಲ್ಲ. ಅರ್ಧ ದಾರಿಯಲ್ಲಿ ಒಂದು ಪಥ ಮುಚ್ಚಿತ್ತು. ಗಾಡಿಗಳು ಇರುವೆ ಸಾಲಿನಂತೆ ನಿಂತವು. ನಾಲ್ಕೂವರೆ ಆಯಿತು, ಐದಾಯಿತು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಅವ್ವ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಜಪಮಣಿ ತಿರುಗಿಸುತ್ತಿದ್ದಳು. ಅವಳ ಸಂಜೆಯ ರಕ್ತದೊತ್ತಡದ ಗುಳಿಗೆ ಹಡಗಿನ ಕೋಣೆಯಲ್ಲಿತ್ತು. ನಡುಮಧ್ಯಾಹ್ನ ಬರುತ್ತೇವಲ್ಲ ಎಂದು ತಂದಿರಲಿಲ್ಲ.

ಲಿವೋರ್ನೋ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷ. ಪೆಟ್ರೋಲು ತುಂಬಿಸಿ ಕಾರು ಒಪ್ಪಿಸಿ, ಟ್ಯಾಕ್ಸಿ ಹಿಡಿದು ಹಡಗಿನ ಮೆಟ್ಟಿಲ ಬಳಿ ಬಂದಾಗ ಆರು ಗಂಟೆ ಇಪ್ಪತ್ತನಾಲ್ಕು ನಿಮಿಷ. ತಪಾಸಣೆ ಮುಗಿದು ಕೋಣೆಗೆ ಹೋಗುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಅವ್ವ ಐವತ್ತು ವರ್ಷದಿಂದ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಿದವಳಲ್ಲ. "ಇವತ್ತಿಂದು ಆತು ಬಿಡಪ್ಪ, ನೀವು ಉಣ್ರಿ" ಎಂದು ಕಿಟಕಿಯ ಪರದೆ ಎಳೆದು ಮಲಗಿಬಿಟ್ಟಳು. ಊಟವಿಲ್ಲ, ಗುಳಿಗೆಯೂ ಇಲ್ಲ.

ನನಗೆ ಊಟ ಸೇರಲಿಲ್ಲ. ಮೇಲಿನ ಅಟ್ಟಕ್ಕೆ ಹೋಗಿ ಕಟಕಟೆ ಹಿಡಿದು ನಿಂತೆ. ಆರು ಐವತ್ತಕ್ಕೆ ಹಡಗಿನ ಬಸ್ಸು ಬಂದರಿನೊಳಗೆ ಬಂತು. ಅದೂ ಫ್ಲಾರೆನ್ಸಿಗೆ ಹೋದ ಬಸ್ಸು. ಅದೇ ರಸ್ತೆ, ಅದೇ ದುರಸ್ತಿ, ಅದೇ ತಡ. ಆದರೆ ಅದರಿಂದ ಇಳಿದ ಮಂದಿ ನಗುತ್ತ, ಕೈಚೀಲ ಸರಿಮಾಡಿಕೊಳ್ಳುತ್ತ, ಸಾವಕಾಶವಾಗಿ ಮೆಟ್ಟಿಲು ಹತ್ತಿದರು. ಕೊನೆಯವರು ಹತ್ತುವ ತನಕ ಹಡಗು ನಿಂತಿತ್ತು.

ಮರುದಿನ ಮುಂಜಾನೆ ಇದನ್ನು ಅವ್ವನಿಗೆ ಹೇಳಿದೆ. ಹಾಲಿನ ಲೋಟ ಕೆಳಗಿಟ್ಟು, "ಅವರ ಚಿಂತಿ ಹಡಗಿನವ ಹೊತ್ತಿದ್ದ. ನಮ್ಮದು ನಾವು ಹೊತ್ತಿದ್ವಿ, ಅಷ್ಟ" ಎಂದಳು.

ನಾವು ಅಂಗಡಿಯಲ್ಲಿ ದಿನಾ ಎರಡು ದರ ಕೇಳುತ್ತೇವೆ. ಒಂದು ಗೋದಾಮಿನಲ್ಲಿ ಎತ್ತಿಕೊಳ್ಳುವ ದರ, ಇನ್ನೊಂದು ಅಂಗಡಿಗೆ ಮುಟ್ಟಿಸಿದ ದರ. ಎರಡನೆಯದು ಹೆಚ್ಚು ಎಂದು ಯಾರೂ ಸಿಟ್ಟಾಗುವುದಿಲ್ಲ. ದಾರಿಯಲ್ಲಿ ಲಾರಿ ಕೆಟ್ಟರೆ ಅದು ಕಳಿಸಿದವನ ತಲೆನೋವು. ಹಡಗಿನ ಬಸ್ಸಿನ ಬೆಲೆಯೂ ಮುಟ್ಟಿಸಿದ ಬೆಲೆ. ಅವರು ಊರು ತೋರಿಸುವುದಕ್ಕಷ್ಟೇ ಹಣ ತೆಗೆದುಕೊಳ್ಳುವುದಿಲ್ಲ. ನಮ್ಮನ್ನು ತಿರುಗಿ ಹಡಗಿಗೆ ಮುಟ್ಟಿಸುವ ಹೊಣೆಗೂ ತೆಗೆದುಕೊಳ್ಳುತ್ತಾರೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ಅವರೇ ತಮ್ಮ ಖರ್ಚಿನಲ್ಲಿ ಕಳಿಸುತ್ತಾರೆ. ನಾವೇ ಹೋಗಿ ತಡಮಾಡಿದರೆ ಹಡಗು ಹೊರಟುಬಿಡುತ್ತದೆ. ಬಂದರಿನಲ್ಲಿ ಒಂದೊಂದು ತಾಸಿಗೂ ಅದಕ್ಕೆ ಬಾಡಿಗೆ, ನಾವಿಕರ ಹೊತ್ತು, ಮುಂದಿನ ಊರಿನ ಜಾಗ ಎಲ್ಲ ಗೊತ್ತುಮಾಡಿದ್ದು. ಮೂರು ಸಾವಿರ ಜನರನ್ನು ಐದು ಜನರಿಗಾಗಿ ನಿಲ್ಲಿಸುವುದಿಲ್ಲ.

ಬಾಕಿ ಕಥೆ ಕೇಳಿ. ಜನವರಿಯಲ್ಲಿ ನನ್ನ ಕಾರ್ಡಿನಿಂದ ಕಾರಿನ ಕಂಪನಿ 'ಕಚೇರಿ ವೆಚ್ಚ' ಎಂದು ಹಣ ಕಡಿದುಕೊಂಡಿತು, ಎರಡು ಸಲ. ಮಾರ್ಚಿನಲ್ಲಿ ಸೊಲ್ಲಾಪುರದ ಅಂಗಡಿಗೆ ಇಟಲಿಯಿಂದ ಎರಡು ಲಕೋಟೆ ಬಂದವು. ಆ ಎರಡು ಓಣಿಗಳು ಹೊರಗಿನ ವಾಹನಕ್ಕೆ ನಿಷೇಧವಿದ್ದ ಪ್ರದೇಶ. ಇಟಲಿಯ ಬಹಳ ಊರುಗಳ ಹಳೆಯ ಪೇಟೆಗೆ ಇಂಥ ಗಡಿ ಇದೆ. ಫಲಕದ ಮೇಲೆ 'ಝಡ್.ಟಿ.ಎಲ್.' ಎಂಬರ್ಥದ ಇಟಾಲಿಯನ್ ಅಕ್ಷರಗಳಿರುತ್ತವೆ. ಕಾವಲಿಗೆ ಪೊಲೀಸರಿರುವುದಿಲ್ಲ, ಕ್ಯಾಮೆರಾ ಇರುತ್ತದೆ. ಆಗ ಒಂದೊಂದು ಕ್ಯಾಮೆರಾ ದಾಟಿದ್ದಕ್ಕೂ ಬೇರೆ ಬೇರೆ ದಂಡವಿತ್ತು. ಹೊರದೇಶದವರಿಗೆ ನೋಟೀಸು ಕಳಿಸಲು ಅಲ್ಲಿನ ಕಾನೂನು 360 ದಿನ ಅವಕಾಶ ಕೊಡುತ್ತದೆ. ನಾನು ಜಮಾ ಬರೆದ ಇನ್ನೂರು ಯುರೋ ಹೋಗಿ, ಮೇಲೆ ಖರ್ಚು ಬಿತ್ತು. ಆದರೆ ಅವ್ವನ ಆ ರಾತ್ರಿಯ ಉಪವಾಸವನ್ನು ಯಾವ ಬಾಬ್ತಿಗೆ ಬರೆಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಕೇಳಬೇಕಾದ ಮೂರು ಪ್ರಶ್ನೆ

ಹಾಗಾದರೆ ಯಾವಾಗಲೂ ಹಡಗಿನ ಬಸ್ಸೇ ಸರಿಯೇ? ಅಲ್ಲ. ಎಲ್ಲ ಮಾಲಿಗೂ ಮುಟ್ಟಿಸಿದ ದರ ಕೊಡುವವನೂ ಜಾಣನಲ್ಲ. ಪಕ್ಕದ ಓಣಿಯಿಂದ ತರುವ ಗಂಟಿಗೆ ಲಾರಿ ಬಾಡಿಗೆ ಏಕೆ? ಒಂದೊಂದು ಬಂದರಿಗೂ ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ನೋಡಬೇಕಾದ ಜಾಗ ಹಡಗಿನಿಂದ ಎಷ್ಟು ದೂರ? ಕಿಲೋಮೀಟರಿನಲ್ಲಿ ಅಲ್ಲ, ತಾಸಿನಲ್ಲಿ ಎಣಿಸಿ. ಹಡಗು ನಿಲ್ಲುವ ಹೊತ್ತಿನಲ್ಲಿ ಇಳಿಯಲು ಒಂದು ತಾಸು, ತಿರುಗಿ ಬರಲು ಎರಡು ತಾಸಿನ ಅಂತರ ಮೊದಲೇ ಕಳೆಯಿರಿ. ಉಳಿದದ್ದೇ ನಿಮ್ಮ ಬಂಡವಾಳ.

ಎರಡನೆಯದು, ಹಡಗು ತಪ್ಪಿದರೆ ಮುಂದಿನ ಬಂದರು ಯಾವುದು? ಮರುದಿನ ಅದೇ ದೇಶದ ಇನ್ನೊಂದು ಊರಾದರೆ ರೈಲಿನ ಟಿಕೀಟಿನಲ್ಲಿ ಮುಗಿಯುತ್ತದೆ. ಲಿವೋರ್ನೋದಿಂದ ಚಿವಿಟವೆಕ್ಕಿಯಾಕ್ಕೆ ಸಮುದ್ರದ ದಂಡೆಗುಂಟ ಎರಡು-ಮೂರು ತಾಸಿನ ರೈಲು ದಾರಿ. ಆದರೆ ಮುಂದಿನದು ದ್ವೀಪವಾಗಿದ್ದರೆ ಮನೆಮಂದಿಗೆಲ್ಲ ವಿಮಾನದ ಟಿಕೀಟು. ಟ್ಯುನೀಶಿಯಾದಂತಹ ಬೇರೆ ವೀಸಾದ ದೇಶವಾದರೆ ತೊಡಕು ಇನ್ನೂ ಹೆಚ್ಚು.

ಮೂರನೆಯದು, ಜೊತೆಗೆ ಯಾರಿದ್ದಾರೆ? ಇಪ್ಪತ್ತೈದರ ಹುಡುಗರಿಬ್ಬರು ಹಡಗು ತಪ್ಪಿಸಿಕೊಂಡರೆ ಅದು ಅವರಿಗೆ ಜೀವನಪೂರ್ತಿ ಹೇಳುವ ಕಥೆ. ಮೊಣಕಾಲು ನೋವಿನ ಅಕ್ಕ, ಗುಳಿಗೆಯ ಮೇಲಿರುವ ಭಾವ, ನಿದ್ದೆಗೆ ಅಳುವ ಕೂಸು ಜೊತೆಗಿದ್ದರೆ ಅದೇ ತಡ ಬೇರೆಯೇ ಆಗುತ್ತದೆ.

ಹೊತ್ತು ಮುಳುಗುವ ಮೊದಲು ಉಣ್ಣುವ ಮನೆಯವರು ಇನ್ನೊಂದು ಲೆಕ್ಕ ನೋಡಿಕೊಳ್ಳಬೇಕು. ಇಟಲಿಯಲ್ಲಿ ಮೇ ಕೊನೆ, ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಹಡಗಿನಲ್ಲಿ ಸಾವಕಾಶ ಊಟವಾಗುತ್ತದೆ. ಅಕ್ಟೋಬರ್ ನಡುವಿಗೆ ಅದು ಆರೂವರೆಯ ಆಸುಪಾಸಿಗೆ ಬಂದಿರುತ್ತದೆ. ನಾವು ಮಾಡಿದ ತಪ್ಪು ಅಕ್ಟೋಬರಿನದು.

ಬಂದರು ಬಂದರಿಗೆ ಬೇರೆ ಉತ್ತರ

ಅಳಿಯನ ನಾಲ್ಕು ಬಂದರುಗಳನ್ನೇ ತೆಗೆದುಕೊಳ್ಳೋಣ.

ಲಿವೋರ್ನೋ: ಫ್ಲಾರೆನ್ಸ್ ನೋಡಲೇಬೇಕೆಂದರೆ ಹಡಗಿನ ಬಸ್ಸು. ಅದರಲ್ಲೂ ಒಂದು ನಡುದಾರಿ ಇದೆ. ಬಹಳ ಜನರಿಗೆ ಅದು ಗೊತ್ತಿಲ್ಲ. ಗೈಡು, ಊಟ, ಪ್ರವೇಶ ಯಾವುದೂ ಇಲ್ಲದೆ ಬರೀ ಊರಿಗೆ ಕರೆದೊಯ್ದು ತಿರುಗಿ ತರುವ ಬಸ್ಸನ್ನೂ ಬಹಳ ಹಡಗುಗಳು ಇಟ್ಟಿರುತ್ತವೆ. ಪಟ್ಟಿಯಲ್ಲಿ 'ಆನ್ ಯುವರ್ ಓನ್' ಎಂದು ಬರೆದಿರುತ್ತಾರೆ. ಬೆಲೆ ಪೂರ್ತಿ ಪ್ರವಾಸಕ್ಕಿಂತ ಕಡಿಮೆ, ಆದರೆ ಹಡಗು ಕಾಯುವ ಹೊಣೆ ಅದಕ್ಕೂ ಇದೆ. ಊರೊಳಗೆ ನಿಮ್ಮ ಮನಸ್ಸಿನಂತೆ ತಿರುಗಬಹುದು, ನಿಮಗೆ ಒಗ್ಗುವ ಊಟ ಹುಡುಕಬಹುದು. ನಮ್ಮಂಥ ಮನೆಗಳಿಗೆ ಇದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಪೀಸಾದ ಓರೆ ಗೋಪುರವಷ್ಟೇ ಸಾಕೆನ್ನುವವರಿಗೆ ಅದು 25 ಕಿಲೋಮೀಟರಿನ ಒಳಗೇ ಇದೆ. ರೈಲಿನಲ್ಲಿ ಇಪ್ಪತ್ತು ನಿಮಿಷದ ಹಾದಿ. ಅದಕ್ಕೆ ಕಾರೂ ಬೇಡ, ಹಡಗಿನ ಬಸ್ಸೂ ಬೇಡ.

ಚಿವಿಟವೆಕ್ಕಿಯಾ: ಇದು ರೋಮಿನ ಬಂದರು ಎನ್ನುತ್ತಾರೆ, ಆದರೆ ರೋಮ್ ಇಲ್ಲಿಂದ 70-80 ಕಿಲೋಮೀಟರು. ರೋಮಿನೊಳಗೆ ಕಾರು ಒಯ್ಯುವ ಮಾತೇ ಬೇಡ. ಅಲ್ಲಿಯೂ ಅದೇ ಕ್ಯಾಮೆರಾ ಗಡಿ, ಅದೇ ಜಾಗದ ಅಭಾವ. ರೈಲು ಚೆನ್ನಾಗಿದೆ, ಒಂದು ತಾಸಿನ ಆಸುಪಾಸು. ವ್ಯಾಟಿಕನ್ ನೋಡುವವರು ರೋಮಾ ಸಾನ್ ಪಿಯೆತ್ರೋ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗಬಹುದು. ಗಟ್ಟಿ ಕಾಲಿನವರು ರೈಲಿನಲ್ಲಿ ಹೋಗಿ, ಎರಡು ಗಾಡಿ ಮೊದಲೇ ತಿರುಗಿ ಹೊರಡಿ. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ನಡೆಯುತ್ತದೆ. ದಿನಾಂಕವನ್ನು ಮೊದಲೇ ಪ್ರಕಟಿಸುತ್ತಾರೆ, ನೋಡಿಕೊಳ್ಳಿ. ಹಿರಿಯರಿದ್ದರೆ ಹಡಗಿನ ಬಸ್ಸು. ನಿಮ್ಮ ದಿನ ಭಾನುವಾರವಾದರೆ ವ್ಯಾಟಿಕನ್ ವಸ್ತುಸಂಗ್ರಹಾಲಯ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಮುಚ್ಚಿರುತ್ತದೆ ಎಂಬುದೂ ನೆನಪಿರಲಿ.

ನೇಪಲ್ಸ್: ಹಡಗು ಊರ ಬಾಗಿಲಿಗೇ ಬಂದು ನಿಲ್ಲುತ್ತದೆ. ಇಳಿದರೆ ಎದುರಿಗೇ ಹಳೆಯ ಕೋಟೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೈ ಪಟ್ಟಣ ಇಲ್ಲಿಂದ ಸುಮಾರು 25 ಕಿಲೋಮೀಟರು. ಸ್ಥಳೀಯ ರೈಲು ಪೊಂಪೈಯ ಬಾಗಿಲಿಗೇ ಬಿಡುತ್ತದೆ. ಗದ್ದಲ ಹೆಚ್ಚು, ಜೇಬಿನ ಮೇಲೆ ಕೈಯಿರಲಿ. ಆರು ಜನರಿದ್ದರೆ ಚಾಲಕನ ಸಹಿತ ಒಂದು ದೊಡ್ಡ ಟ್ಯಾಕ್ಸಿ ಗೊತ್ತುಮಾಡುವುದು ಇಲ್ಲಿ ಚೊಕ್ಕ ವ್ಯವಹಾರ. ದಾರಿ ಅವನಿಗೆ ಗೊತ್ತು, ನಿಲ್ಲಿಸುವ ಜಾಗ ಅವನಿಗೆ ಗೊತ್ತು, ದಂಡವೂ ಅವನದೇ. ಬೆಲೆ ಒಟ್ಟು ಗಾಡಿಗೋ ತಲೆಗೋ, ಕಾಯುವ ಹೊತ್ತು ಸೇರಿದೆಯೋ ಇಲ್ಲವೋ ಎಂದು ಹತ್ತುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ.

ವ್ಯಾಲೆಟ್ಟಾ: ಇಲ್ಲಿ ಹಡಗಿನ ಬಸ್ಸಿಗೆ ಏನೂ ಕೊಡಬೇಕಾಗಿಲ್ಲ. ಹಡಗು ನಿಲ್ಲುವ ದಂಡೆಯಿಂದ ಸ್ವಲ್ಪ ನಡೆದರೆ 58 ಮೀಟರು ಎತ್ತರದ ಲಿಫ್ಟು; 2012ರಲ್ಲಿ ಕಟ್ಟಿದ್ದು. ಅದು ನೇರ ಊರಿನ ಮೇಲಿನ ತೋಟಕ್ಕೆ ಮುಟ್ಟಿಸುತ್ತದೆ. ಅಕ್ಕನ ಮೊಣಕಾಲಿಗೆ ತೊಂದರೆಯಿಲ್ಲ. ಕಾರು ನಡೆಸುವ ಆಸೆ ತೀರಿಸಿಕೊಳ್ಳಲೇಬೇಕೆಂದರೆ ಇದೇ ಜಾಗ: ಮಾಲ್ಟಾದಲ್ಲಿ ನಮ್ಮ ಹಾಗೆ ಎಡಕ್ಕೇ ನಡೆಸುತ್ತಾರೆ, ದ್ವೀಪದ ಉದ್ದ 27 ಕಿಲೋಮೀಟರು ಅಷ್ಟೇ. ಎಲ್ಲಿಗೆ ಹೋದರೂ ಬಹಳ ದೂರ ಹೋದಂತಾಗುವುದಿಲ್ಲ.

ಹೀಗೆ ಸಣ್ಣ ದ್ವೀಪ, ಹಡಗು ತಡರಾತ್ರಿಯವರೆಗೆ ಅಥವಾ ಮರುದಿನದವರೆಗೆ ನಿಲ್ಲುವ ಬಂದರು, ಚೆದುರಿದ ಹಳ್ಳಿ-ಕಡಲತೀರಗಳು, ಇಂಥಲ್ಲಿ ಕಾರು ಲಾಭದ ಬಾಬ್ತು. ಗ್ರೀಸಿನ ಸ್ಯಾಂಟೊರಿನಿಯಂಥ ಜಾಗದಲ್ಲಿ ಮಾತ್ರ ಎಚ್ಚರ. ಅಲ್ಲಿ ಹಡಗು ಸಮುದ್ರದ ನಡುವೆ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ದಂಡೆಗೆ ಬರಬೇಕು. ಅಲ್ಲಿಂದ ಮೇಲಿನ ಊರಿಗೆ ತೂಗುಗಾಡಿ, ಇಲ್ಲವೇ ಆರುನೂರರ ಹತ್ತಿರ ಮೆಟ್ಟಿಲು. ಸಂಜೆ ಎಲ್ಲರೂ ಒಮ್ಮೆಗೇ ಇಳಿಯಲು ನಿಂತರೆ ತೂಗುಗಾಡಿಯ ಸಾಲೇ ಒಂದು ತಾಸು ನುಂಗಿಬಿಡಬಹುದು. ಕಾರು ಹೊತ್ತಿಗೆ ಸರಿಯಾಗಿ ಬಂದರೂ ನೀವು ತಡವಾಗುತ್ತೀರಿ.

ನಮ್ಮ ದಂಡೆಯಲ್ಲೂ 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಪ್ರವಾಸದ ಹಡಗು ನಡೆದಿದೆ. ಗೋವಾದ ನಮ್ಮ ಓದುಗರಿಗೆ ಗೊತ್ತು, ಮುರಗಾಂವ ಬಂದರಿನಿಂದ ಪಣಜಿ ಸುಮಾರು 30 ಕಿಲೋಮೀಟರು. ಜುವಾರಿ ಹೊಸ ಸೇತುವೆಯಾದ ಮೇಲೆ ದಾರಿ ಹಗುರಾಗಿದೆ. ಅಲ್ಲಿ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಗಾಡಿಯೇ ಕಾನೂನಿನ ಬಾಡಿಗೆ ಕಾರು. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಕೊಚ್ಚಿಯಲ್ಲಿ ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಮಟ್ಟಾಂಚೇರಿಯ ಜಿನಾಲಯಕ್ಕೂ ಫೋರ್ಟ್ ಕೊಚ್ಚಿಗೂ ಒಂದು ಆಟೋ ಅಥವಾ ಟ್ಯಾಕ್ಸಿ ಸಾಕು. ದೂರದೇಶಕ್ಕೆ ಹೋಗುವ ಮೊದಲು ಇಲ್ಲಿ ಒಮ್ಮೆ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಕಾರೇ ಬೇಕೆನ್ನುವವರಿಗೆ

ನಿಮ್ಮ ಜಿಲ್ಲೆಯ ಆರ್.ಟಿ.ಒ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದುಕೊಳ್ಳಿ. ಒಂದು ವರ್ಷದ ಅವಧಿ. ಇಟಲಿಯಲ್ಲಿ ಅದು ಕಡ್ಡಾಯವೆಂದೇ ತಿಳಿಯಿರಿ. ಜೊತೆಗೆ ಇಲ್ಲಿಯ ಮೂಲ ಲೈಸೆನ್ಸೂ ಇರಬೇಕು. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ. ಕಾರಿನವರು ಪಾಸ್‌ಪೋರ್ಟ್ ಕೇಳುತ್ತಾರೆ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುವ ಪದ್ಧತಿ ಇದೆ. ಹಿಂದಿನ ರಾತ್ರಿಯೇ ಕೇಳಿ ಪಡೆಯಿರಿ. ಕ್ರೆಡಿಟ್ ಕಾರ್ಡು ಗಾಡಿ ನಡೆಸುವವನ ಹೆಸರಿನಲ್ಲೇ ಇರಬೇಕು. ಅಪ್ಪನ ಕಾರ್ಡು, ಮಗನ ಲೈಸೆನ್ಸು ಎಂದರೆ ಕೀಲಿ ಕೊಡುವುದಿಲ್ಲ.

ಅಲ್ಲಿ ಸಾಮಾನ್ಯವಾಗಿ ಸಿಗುವುದು ಗೇರಿನ ಗಾಡಿ. ಬಲಗೈಯಿಂದ ಗೇರು ಹಾಕಲು ಒಗ್ಗದವರು ಆಟೋಮ್ಯಾಟಿಕ್ ಗಾಡಿಯನ್ನು ಹೆಸರಿಟ್ಟು ಕೇಳಬೇಕು, ದರ ಹೆಚ್ಚು. ಮುಂಗಡ ಹಣ ತುಂಬದೆ, ಬೇಡವಾದರೆ ಬಿಡಬಹುದಾದ ಕರಾರನ್ನೇ ಮಾಡಿಕೊಳ್ಳಿ. ಗಾಳಿ ಜೋರಾಗಿ ಹಡಗು ಆ ಬಂದರನ್ನೇ ಬಿಟ್ಟು ಮುಂದೆ ಹೋಗುವುದುಂಟು. ಆಗ ಹಡಗಿನ ಬಸ್ಸಿನ ಹಣ ತಾನಾಗಿ ತಿರುಗಿ ಬರುತ್ತದೆ. ಕಾರಿನ ಮುಂಗಡ ಬರುವುದು ಅನುಮಾನ. ಭಾನುವಾರ ಮತ್ತು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸಣ್ಣ ಊರಿನ ಕಚೇರಿ ಮುಚ್ಚಿರುತ್ತದೆಯೇ ಎಂದು ವಿಚಾರಿಸಿ. ಗಾಡಿ ತೆಗೆದುಕೊಳ್ಳುವಾಗ, ಒಪ್ಪಿಸುವಾಗ ಸುತ್ತಲೂ ವೀಡಿಯೋ ತೆಗೆದಿಡಿ.

ಲೆಕ್ಕ ಹಾಕುವಾಗ ಬರೀ ಬಾಡಿಗೆಯನ್ನು ಬರೆಯಬೇಡಿ. ಉದಾಹರಣೆಗೆಂದು ಹಿಡಿಯಿರಿ: ಬಸ್ಸು ತಲೆಗೆ 80 ಯುರೋದಂತೆ ಆರು ಜನಕ್ಕೆ 480. ಕಾರಿನ ಬಾಡಿಗೆ 120, ಪೂರ್ತಿ ವಿಮೆ 40, ಇಂಧನ 25, ನಿಲುಗಡೆ 30, ಬಂದರಿನಿಂದ ಕಚೇರಿಗೆ ಹೋಗಿಬರುವ ವೆಚ್ಚ 35, ಒಟ್ಟು 250. ಉಳಿತಾಯ 230. ಇನ್ನು ಆ 230ಕ್ಕೆ ನೀವೇ ವಿಮೆ ಕಂಪನಿಯಾಗಿದ್ದೀರಿ: ದಂಡ, ಡೊಂಕು, ತಡ, ತಪ್ಪಿದ ಹಡಗು ಎಲ್ಲವೂ ನಿಮ್ಮ ಜವಾಬ್ದಾರಿ. ಹತ್ತಿರದ ಜಾಗವಾದರೆ ಆ ಜವಾಬ್ದಾರಿ ಹಗುರ, ಸಂತೋಷದಿಂದ ಹೊರಿ. ದೂರದ್ದಾದರೆ ಮಾರಿಬಿಡಿ.

ಹಡಗಿನ ಬಸ್ಸಿನವರಿಗೂ ನಾಲ್ಕು ಮಾತು

ಅದೂ ಸುಖದ ಹಾಸಿಗೆಯಲ್ಲ. ನಲವತ್ತು-ಐವತ್ತು ಜನ, ಒಬ್ಬರು ತಡಮಾಡಿದರೆ ಎಲ್ಲರೂ ಕಾಯಬೇಕು. ಗೈಡು ಕರೆದೊಯ್ಯುವ ಅಂಗಡಿಯಲ್ಲಿ ಅರ್ಧ ತಾಸು ಹೋಗುತ್ತದೆ. ಪಟ್ಟಿಯಲ್ಲಿ 'ಪ್ಯಾನೊರಾಮಿಕ್' ಎಂದಿದ್ದರೆ ಬಹಳಷ್ಟನ್ನು ಬಸ್ಸಿನ ಕಿಟಕಿಯಿಂದಲೇ ನೋಡುವುದು ಎಂದರ್ಥ. ಎಷ್ಟು ನಡಿಗೆ, ಎಷ್ಟು ಮೆಟ್ಟಿಲು ಎಂಬ ಗುರುತು ಕೊಟ್ಟಿರುತ್ತಾರೆ. ಹಿರಿಯರಿಗಾಗಿ ಅದನ್ನು ಮೊದಲು ನೋಡಿ. ಊಟ ಸೇರಿದ ಪ್ರವಾಸವಾದರೆ ಮಾಂಸ, ಮೀನು, ಮೊಟ್ಟೆ ಇಲ್ಲದ ಊಟವನ್ನು ಮೊದಲೇ ಬರೆದು ಕೇಳಿ. ಆಗದೆಂದರೆ ಊಟವಿಲ್ಲದ ಪ್ರವಾಸವೇ ಲೇಸು.

ಹಡಗಿನ ಊಟದ ಮನೆಯಿಂದ ಹಣ್ಣು, ಪದಾರ್ಥ ಕಟ್ಟಿಕೊಂಡು ಇಳಿಯಲು ಬಹಳ ಬಂದರುಗಳಲ್ಲಿ ಬಿಡುವುದಿಲ್ಲ. ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಮಧ್ಯಾಹ್ನ ಸಾಗುತ್ತದೆ. ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ಯುರೋಪಿಗೆ ತರಲು ನಿಷೇಧವಿರುವುದರಿಂದ ಪೇಢೆ, ಖವೆಯ ಸಿಹಿ ಕಟ್ಟಬೇಡಿ.

ಯಾವುದರಲ್ಲಿ ಹೋದರೂ ಇಷ್ಟು ಮಾಡಿ. ಗಡಿಯಾರ ಹಡಗಿನ ಸಮಯಕ್ಕೇ ಇರಲಿ. ಕೆಲವೊಮ್ಮೆ ಊರಿನ ಸಮಯ ಬೇರೆ ಇರುತ್ತದೆ. ಹಡಗಿನ ದಿನಪತ್ರಿಕೆಯಲ್ಲಿ ಆ ಬಂದರಿನ ಏಜೆಂಟರ ಫೋನ್ ನಂಬರು ಅಚ್ಚಾಗಿರುತ್ತದೆ. ಅದರ ಚಿತ್ರ ತೆಗೆದುಕೊಂಡು ಇಳಿಯಿರಿ. ಪಾಸ್‌ಪೋರ್ಟು ಕೋಣೆಯಲ್ಲಿದ್ದರೆ ಅದರ ಪ್ರತಿ ಜೇಬಿನಲ್ಲಿರಲಿ. ಹಿರಿಯರ ಒಂದು ದಿನದ ಗುಳಿಗೆ ಅವರ ಕೈಚೀಲದಲ್ಲೇ ಇರಲಿ, ಸಂಜೆಯ ಗುಳಿಗೆಯೂ ಸೇರಿ. ಈ ಕೊನೆಯ ಮಾತನ್ನು ನಾನು ಇನ್ನೂರು ಯುರೋ ಕೊಟ್ಟು ಕಲಿತದ್ದು, ನಿಮಗೆ ಉಚಿತ.

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಹಂಗಾದ್ರ ಮಾಮಾ, ಫ್ಲಾರೆನ್ಸಿಗೆ ಹಡಗಿನ ಬರೀ ಬಸ್ಸು, ರೋಮಿಗೂ ಅದ. ಪೊಂಪೈಗೆ ಟ್ಯಾಕ್ಸಿ. ಮಾಲ್ಟಾದಾಗ ನಡಕೋತ. ಕಾರು?"

"ಕಾರು ಜತ್ತದಾಗ ಐತೆಲ್ಲೋ" ಎಂದೆ.

ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಫೋನ್ ಇಲ್ಲಿ ಕೊಡು." ಫೋನು ತೆಗೆದುಕೊಂಡವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಅವತ್ತ ಅವ್ವ ಉಣಲಾರದ ಮಲಗಿದ್ಲಂತಲ್ಲ, ನಂಗ್ಯಾಕ ಹೇಳಲಿಲ್ಲ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನೀವು ಹೋಗಿ ಬಂದ ಮೇಲೆ ನಿಮ್ಮ ಅಕ್ಕ ತಂಗಿಯರು ಅಂಥ ಪ್ರಶ್ನೆ ಕೇಳದಂತಾಗಲಿ. ಶುಭ ಪ್ರಯಾಣ.